ಚುಟುಕು ಲೇಖನಗಳನ್ನು ನಾನು ಬೆಳೆಸುವ ಬಗೆ

ಕನ್ನಡ ವಿಕಿಪೀಡಿಯದಲ್ಲಿ ಒಂದೆರಡು ಸಾಲಿಗೇ ನಿಂತುಹೋದ ಲೇಖನಕ್ಕೆ ‘ಚುಟುಕು’ ಎನ್ನುತ್ತೇವೆ. 2003ರಲ್ಲಿ ಶುರುವಾದ ಈ ವಿಶ್ವಕೋಶದಲ್ಲಿ ಅಂಥವು ಇಂದಿಗೂ ರಾಶಿ ಬಿದ್ದಿವೆ. ಹೊಸ ಲೇಖನ ಆರಂಭಿಸುವವರು ಸಿಗುತ್ತಾರೆ; ಇನ್ನೊಬ್ಬರು ಅರ್ಧಕ್ಕೆ ಬಿಟ್ಟದ್ದನ್ನು ಕೈಗೆತ್ತಿಕೊಳ್ಳುವವರು ಕಡಿಮೆ. ನನ್ನ ಹೆಚ್ಚಿನ ಕೆಲಸ ಅಲ್ಲಿಯೇ ನಡೆಯುತ್ತದೆ.

ಗಾತ್ರದ ಪ್ರಕಾರ ಜೋಡಿಸಿದ ಚಿಕ್ಕ ಪುಟಗಳ ಪಟ್ಟಿ ವಿಶೇಷ ಪುಟಗಳಲ್ಲಿ ಸಿಗುತ್ತದೆ. ಆದರೆ ಅದನ್ನು ನಾನು ಮೇಲಿನಿಂದ ಕೆಳಕ್ಕೆ ತಿದ್ದುತ್ತಾ ಹೋಗುವುದಿಲ್ಲ. ಬೇರೆ ಯಾವ ಪುಟಗಳಿಂದ ಈ ಲೇಖನಕ್ಕೆ ಕೊಂಡಿ ಇದೆ ಎಂದು ಮೊದಲು ನೋಡುತ್ತೇನೆ. ಹತ್ತು ಕಡೆಯಿಂದ ಓದುಗರು ಬಂದು ಬರಿಗೈಯಲ್ಲಿ ಹಿಂದಿರುಗುವ ಪುಟಕ್ಕೆ ನನ್ನ ಮೊದಲ ಆದ್ಯತೆ.

ಆಮೇಲೆ ಮೊದಲ ವಾಕ್ಯದ ಪರೀಕ್ಷೆ. ‘ಕಗ್ಗ ಒಂದು ಭತ್ತದ ತಳಿ’ ಎಂದಷ್ಟೇ ಇದೆ ಎನ್ನಿ. ಕಗ್ಗವನ್ನು ತೆಗೆದು ರಾಜಮುಡಿಯನ್ನು ಕೂರಿಸಿದರೂ ವಾಕ್ಯ ನಿಜವೇ. ಹಾಗಿದ್ದಲ್ಲಿ ಅದು ಕಗ್ಗದ ಬಗ್ಗೆ ಇನ್ನೂ ಏನನ್ನೂ ಹೇಳಿಲ್ಲ. ‘ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಸಮುದ್ರ ಸೇರುವೆಡೆಯ ಗಜನಿ ಎಂಬ ತಗ್ಗಿನ ಗದ್ದೆಗಳಲ್ಲಿ ಬೆಳೆಯುವ, ಉಪ್ಪುನೀರನ್ನು ತಾಳಿಕೊಳ್ಳುವ ಭತ್ತ’ ಎಂದು ತಿದ್ದಿದರೆ ಊರು, ನೆಲ, ಗುಣ ಮೂರೂ ಬಂದವು. ಮುಂದಿನ ವಾಕ್ಯಗಳು ಅದರಿಂದಲೇ ಹುಟ್ಟುತ್ತವೆ: ಸಮುದ್ರದ ಉಬ್ಬರದ ನೀರನ್ನು ತಡೆಯುವ ಒಡ್ಡುಗಳು, ಮಣ್ಣಿನ ಉಪ್ಪನ್ನು ತೊಳೆಯುವ ಮುಂಗಾರು ಮಳೆ, ಕೊಯ್ಲಿನ ನಂತರ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ ಬೆಳೆಸುವ ರೂಢಿ. ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ 2024ರಲ್ಲಿ ಸೇರಿದ ಅಘನಾಶಿನಿ ಅಳಿವೆಗೆ ಒಂದು ಕೊಂಡಿ, ಕೇರಳದಲ್ಲಿ ಇದೇ ರೀತಿ ಬೆಳೆಯುವ ಪೊಕ್ಕಾಲಿ ಭತ್ತಕ್ಕೆ ಇನ್ನೊಂದು. ಆ ಪುಟಗಳಿಂದ ಇಲ್ಲಿಗೂ ಕೊಂಡಿ ಹಾಕಬೇಕು. ಇಲ್ಲದಿದ್ದರೆ ಲೇಖನ ಯಾರ ಕಣ್ಣಿಗೂ ಬೀಳುವುದಿಲ್ಲ. ಕಗ್ಗ ಎಂದೊಡನೆ ಹೆಚ್ಚಿನವರು ಹುಡುಕುವುದು ಡಿವಿಜಿಯವರ ಕಾವ್ಯವನ್ನಾದ್ದರಿಂದ ಶೀರ್ಷಿಕೆಗೆ ಆವರಣದಲ್ಲಿ ‘ಭತ್ತ’ ಎಂದು ಸೇರಿಸುವುದೂ ಅಗತ್ಯ.

ಒಟ್ಟು ಏಳೆಂಟು ವಾಕ್ಯ, ಪ್ರತಿಯೊಂದಕ್ಕೂ ಉಲ್ಲೇಖ. ಅಷ್ಟಕ್ಕೆ ನಿಲ್ಲಿಸುತ್ತೇನೆ. ಅಕ್ಕಿ ಜಗತ್ತಿನ ಮುಖ್ಯ ಆಹಾರ ಎಂಬಂಥ ಮಾತುಗಳಿಂದ ಗಾತ್ರ ಹಿಗ್ಗಿಸುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಯಂತ್ರಾನುವಾದದಿಂದ ಬಂದ ಉದ್ದುದ್ದ ಲೇಖನಗಳನ್ನು ತಿದ್ದಿ ಬಲ್ಲೆ. ಎರಡು ಪ್ಯಾರಾ ಓದುವಷ್ಟರಲ್ಲಿ ಸಾಕಾಗಿಹೋಗುವ ಆ ಪುಟಗಳಿಗಿಂತ ಚೊಕ್ಕ ಚುಟುಕು ಎಷ್ಟೋ ಮೇಲು.

ಆಕರಕ್ಕೆ ನಾನು ಮೊದಲು ಹೋಗುವುದು ವಿಕಿಪೀಡಿಯದ ಸೋದರ ಯೋಜನೆಯಾದ ಮುಕ್ತ ಗ್ರಂಥಾಲಯ ವಿಕಿಸೋರ್ಸ್‌ನಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶಕ್ಕೆ. ಮುಕ್ತ ಪರವಾನಗಿಯಲ್ಲಿರುವುದರಿಂದ ಮೂಲವನ್ನು ನಮೂದಿಸಿ ಪಠ್ಯವನ್ನೇ ಬಳಸಬಹುದು. ಪತ್ರಿಕೆಯ ಬರಹವನ್ನು ಹಾಗೆ ಎತ್ತಿ ತರುವಂತಿಲ್ಲ. ಆದರೆ ವಿಶ್ವಕೋಶದ ಹಳೆಯ ಸಂಪುಟಗಳನ್ನೂ ಕಣ್ಣು ಮುಚ್ಚಿ ನಕಲಿಸಬಾರದು; ಅವುಗಳ ಮಾಹಿತಿ ಹಳತಾಗಿರಬಹುದು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಗದಗ, ಹಾವೇರಿ, ಕೊಪ್ಪಳ, ಉಡುಪಿ ಜಿಲ್ಲೆಗಳಾದದ್ದು 1997ರಲ್ಲಿ. ಊರಿನ ಲೇಖನವಾದರೆ ಜಿಲ್ಲೆ, ತಾಲ್ಲೂಕು, ಜನಸಂಖ್ಯೆ ಮೂರನ್ನೂ ಹೊಸದಾಗಿ ಪರಿಶೀಲಿಸುತ್ತೇನೆ.

ಹೆಸರು, ತಾಲ್ಲೂಕು ಬಿಟ್ಟರೆ ಬೇರೇನೂ ಸಿಗದ ಹಳ್ಳಿಗಳೂ ಇವೆ. ಅಂಥ ಪುಟದ ಮಾಹಿತಿಯನ್ನು ತಾಲ್ಲೂಕಿನ ಲೇಖನದೊಳಗೆ ವಿಲೀನಗೊಳಿಸಿ, ಹಳೆಯ ಶೀರ್ಷಿಕೆಯಿಂದ ಅಲ್ಲಿಗೆ ಪುನರ್ನಿರ್ದೇಶನ ಕೊಡುತ್ತೇನೆ. ಪುಟದ ಇತಿಹಾಸ ಹಾಗೆಯೇ ಉಳಿಯುತ್ತದೆ, ಮೊದಲು ಬರೆದವರ ಹೆಸರೂ ಉಳಿಯುತ್ತದೆ. ಮುಂದೆ ಆ ಊರಿನ ಶಾಸನವೋ ದೇವಸ್ಥಾನವೋ ಬೆಳಕಿಗೆ ಬಂದಾಗ ಲೇಖನವನ್ನು ಮತ್ತೆ ತೆರೆಯಬಹುದು.

ತುಂಬಾ ಎಚ್ಚರ ಬೇಕಾದದ್ದು ಹೊಸಬರ ವಿಷಯದಲ್ಲಿ. ತನ್ನೂರಿನ ಜಾತ್ರೆಯ ಬಗ್ಗೆ ಮೂರು ಸಾಲು ಬರೆದ ವಿದ್ಯಾರ್ಥಿಯ ಪುಟಕ್ಕೆ ಮರುಕ್ಷಣವೇ ಅಳಿಸುವಿಕೆಯ ಫಲಕ ಅಂಟಿಸಿದರೆ ಆತ ಮತ್ತೆ ಇತ್ತ ಬರುವುದು ಸಂಶಯ. ನಾನು ಅವರ ಚರ್ಚೆ ಪುಟದಲ್ಲಿ ಹೀಗೆ ಬರೆಯುತ್ತೇನೆ: ‘ನಮಸ್ಕಾರ. ಜಾತ್ರೆಯ ಬಗ್ಗೆ ನೀವು ಬರೆದದ್ದನ್ನು ಓದಿದೆ. ಅದು ಯಾವ ಮಾಸದಲ್ಲಿ ನಡೆಯುತ್ತದೆ, ಯಾವ ಪತ್ರಿಕೆಯಲ್ಲಿ ವರದಿಯಾಗಿದೆ ಎಂಬುದನ್ನು ಸೇರಿಸುತ್ತೀರಾ? ಉಲ್ಲೇಖ ಹಾಕುವುದು ಕಷ್ಟವಾದರೆ ಕೊಂಡಿಯನ್ನು ಇಲ್ಲಿ ಕೊಡಿ, ನಾನು ಹಾಕುತ್ತೇನೆ.’ ಏನೇನು ಬೇಕು ಎಂದು ಬಿಡಿಸಿ ಕೇಳಿದರೆ ಹಲವರು ಉತ್ತರಿಸುತ್ತಾರೆ. ಉತ್ತರ ಬರದಿದ್ದರೆ ಕೆಲವು ದಿನ ಕಾದು ನಾನೇ ಹುಡುಕುತ್ತೇನೆ. ಎಲ್ಲಿಯೂ ಆಧಾರ ಸಿಗದಿದ್ದಾಗ ಮಾತ್ರ ಪುಟವನ್ನು ಅಳಿಸುವಿಕೆಯ ಚರ್ಚೆಗೆ ಒಯ್ಯುತ್ತೇನೆ.