ಪಿ.ಎಫ್. ಟ್ರಸ್ಟಿಗಳ ಜೋಡಿ ಕಟ್ಟಿದ ಕಥೆ

ಪೀಣ್ಯದ ಒಂದು ಕಾರ್ಖಾನೆಯಲ್ಲಿ 31 ವರ್ಷ ದುಡಿದೆ. ಅದರಲ್ಲಿ ಹತ್ತು ವರ್ಷ ಕಾರ್ಮಿಕರ ಪರವಾಗಿ ಪಿ.ಎಫ್. ಟ್ರಸ್ಟಿಯಾಗಿದ್ದೆ. ಮೊದಲ ಸಭೆಯ ದಿನ ನನ್ನ ಕೈಗೆ ಕೊಟ್ಟ ಕಡತ ಇಟ್ಟಿಗೆಯಷ್ಟು ದಪ್ಪವಿತ್ತು. ಒಂದು ಗಂಟೆಯೊಳಗೆ ಸಭೆ ಮುಗಿಯಿತು. ನಡಾವಳಿ ಪುಸ್ತಕಕ್ಕೆ ಸಹಿ ಹಾಕಿದೆ, ಗೋಡಂಬಿ ಬಿಸ್ಕತ್ತು ತಿಂದೆ, ಬಂದೆ. ಯಾವುದಕ್ಕೆ ಸಹಿ ಹಾಕಿದಿರಿ ಎಂದು ಗೇಟಿನ ಬಳಿ ಯಾರಾದರೂ ಕೇಳಿದ್ದರೆ ತಲೆ ತಗ್ಗಿಸಬೇಕಾಗಿತ್ತು.

ನಿವೃತ್ತನಾದ ಮೇಲೆ, ಹೊಸದಾಗಿ ಬರುವವರಿಗಾದರೂ ಈ ಪಾಡು ಬೇಡವೆನ್ನಿಸಿ, ಸುತ್ತಮುತ್ತಲ ಆರು ಕಂಪನಿಗಳ ಟ್ರಸ್ಟಿಗಳನ್ನು ಸೇರಿಸಿ ಹಳಬರು ಹೊಸಬರ ಜೋಡಿಗಳನ್ನು ಮಾಡಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. 1952ರ ಭವಿಷ್ಯ ನಿಧಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ವಿನಾಯಿತಿ ಪಡೆದ ಕಂಪನಿಗಳು ನೌಕರರ ಪಿ.ಎಫ್. ಹಣವನ್ನು ತಮ್ಮದೇ ಟ್ರಸ್ಟಿನಲ್ಲಿ ಇಟ್ಟು ನಡೆಸುತ್ತವೆ. ಮಂಡಳಿಯಲ್ಲಿ ಆಡಳಿತ ವರ್ಗದವರೂ ಕಾರ್ಮಿಕರೂ ಸಮಸಂಖ್ಯೆಯಲ್ಲಿರುತ್ತಾರೆ. ಬಡ್ಡಿ ಕೇಂದ್ರ ಸರ್ಕಾರದ ಭವಿಷ್ಯ ನಿಧಿ ಸಂಸ್ಥೆ ಇ.ಪಿ.ಎಫ್.ಓ. ಘೋಷಿಸಿದ ದರಕ್ಕಿಂತ ಕಡಿಮೆಯಾಗುವಂತಿಲ್ಲ. 2023-24ರಲ್ಲಿ ಅದು ಶೇ. 8.25 ಇತ್ತು. ಕೊರತೆ ಬಿದ್ದರೆ ಕಂಪನಿ ತುಂಬಿಕೊಡಬೇಕು. ಈ ಕೊನೆಯ ನಿಯಮವೇ ಟ್ರಸ್ಟಿಗಳಿಗೆ ಜೋಗುಳ. "ಕಂಪನಿ ತುಂಬುತ್ತದಲ್ಲ, ನಮಗೇನು" ಎಂದು ನಿದ್ದೆ ಹೋಗುತ್ತಾರೆ. ಕಂಪನಿಯೇ ಮುಳುಗಿದರೆ ತುಂಬುವವರು ಯಾರು ಎಂದು ಕೇಳುವವರು ಕಡಿಮೆ. ಸರ್ಕಾರ ಹೇಳಿದ ಮಾದರಿಯಲ್ಲಿ ಹಣ ಹೂಡದಿದ್ದರೆ ದಂಡ ಟ್ರಸ್ಟಿಗಳ ಮೇಲೆ ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಬೀಳಬಹುದು ಎಂಬುದಂತೂ ಎಷ್ಟೋ ಜನರ ಕಿವಿಗೇ ಬಿದ್ದಿರುವುದಿಲ್ಲ.

ಮೊದಲು ನಾನು ಮಾಡಿದ್ದು ತಪ್ಪು ಕೆಲಸ. ಎರಡು ಶನಿವಾರ ಒಂದು ಸಭಾಂಗಣ ಹಿಡಿದು ಪರದೆ ಕಟ್ಟಿ ಪಾಠ ಮಾಡಿಸಿದೆ. ಮೊದಲ ಶನಿವಾರ ಇಪ್ಪತ್ತೆರಡು ಜನ ಬಂದರು, ಎರಡನೆಯದಕ್ಕೆ ಏಳು. ಅವರಲ್ಲಿ ಇಬ್ಬರು ಊಟಕ್ಕೆಂದೇ ಬಂದಿದ್ದರು; ತಪ್ಪು ಹೇಳಲಾರೆ, ಊಟ ಚೆನ್ನಾಗಿತ್ತು.

ಆಮೇಲೆ ಜೋಡಿ ಮಾಡಿದೆ. ಅಲ್ಲಿಯೂ ಎಡವಿದೆ. ಒಂದೇ ಕಂಪನಿಯ, ಒಂದೇ ಯೂನಿಯನ್ನಿನ ಹಳಬನನ್ನೂ ಹೊಸಬನನ್ನೂ ಕೂಡಿಸಿದೆ. ಮೂರು ತಿಂಗಳಲ್ಲಿ ಹೊಸಬ ಹಳಬನ ಬಾಲವಾದ. ಹಳಬ ಕೈ ಎತ್ತಿದಾಗ ಇವನೂ ಎತ್ತುತ್ತಿದ್ದ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯ ಪ್ರಕಾರ ಟ್ರಸ್ಟಿ, ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ಸ್ವತ್ತನ್ನು ನೋಡಿಕೊಳ್ಳುವ ಎಚ್ಚರದಲ್ಲಿ ನಡೆದುಕೊಳ್ಳಬೇಕು. ವಿವೇಕವನ್ನು ಪಕ್ಕದ ಕುರ್ಚಿಯವನಿಂದ ಕಡ ತರಲು ಬರುವುದಿಲ್ಲ. ಅಂದಿನಿಂದ ಎರಡು ನಿಯಮ ಮಾಡಿಕೊಂಡೆ: ಜೋಡಿಯ ಇಬ್ಬರೂ ಬೇರೆ ಬೇರೆ ಕಂಪನಿಯವರಾಗಿರಬೇಕು; ಯಾವ ಠರಾವಿಗೆ ಹೌದೆನ್ನಬೇಕು, ಯಾವುದಕ್ಕೆ ಅಲ್ಲವೆನ್ನಬೇಕು ಎಂದು ಹಿರಿಯರು ಹೇಳಕೂಡದು. ಎರಡನೆಯದನ್ನು ಪಾಲಿಸುವುದು ಹಿರಿಯರಿಗೆ ಪ್ರಾಣಸಂಕಟ. ಹತ್ತು ವರ್ಷ ಕಲಿತದ್ದನ್ನು ಹೇಳದೆ ಬಾಯಿ ಮುಚ್ಚಿಕೊಂಡಿರುವುದು ಸುಲಭವಲ್ಲ, ನನಗೂ ಅಲ್ಲ.

ಮಂಡಳಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅದನ್ನೇ ನಮ್ಮ ಪಂಚಾಂಗ ಮಾಡಿಕೊಂಡೆವು. ಪ್ರತಿ ಸಭೆಗೆ ವಾರ ಮೊದಲು ಜೋಡಿ ಕೂರಬೇಕು, ಹೊಸಬ ತನ್ನ ಕಾರ್ಯಸೂಚಿಯ ಕಾಗದಗಳನ್ನು ತರಬೇಕು. ವರ್ಷಕ್ಕೆ ನಾಲ್ಕೇ ಸಲ. ಕಾಗದವಿಲ್ಲದೆ ಬಂದರೆ ಕಾಫಿ ಕುಡಿದು ಎದ್ದು ಹೋಗುವುದು. ಕಾಗದವಿಲ್ಲದ ಮಾತುಕತೆ ಕೊನೆಗೆ ವೇತನ ಒಪ್ಪಂದಕ್ಕೋ ಕ್ಯಾಂಟೀನಿನ ಸಾಂಬಾರಿಗೋ ಹೋಗಿ ಮುಟ್ಟುತ್ತದೆ.

ನನ್ನ ಪಾಲಿಗೆ ಬಂದವನು ಟೂಲ್ ರೂಮಿನ ಹುಡುಗ. ಹುಡುಗ ಎಂದೆನಾದರೂ ವಯಸ್ಸು ನಲವತ್ತು. ದರ್ಶಿನಿಯೊಂದರ ಮೂಲೆಯ ಮೇಜಿನ ಮೇಲೆ ಹೂಡಿಕೆಗಳ ಪಟ್ಟಿ ಹರಡಿದ. ಬಾಂಡಿನ, ಅಂದರೆ ಸಾಲಪತ್ರದ ಹೆಸರು, ಮುಖಬೆಲೆ, ಬಡ್ಡಿ ದರ, ಅವಧಿ ಮುಗಿಯುವ ದಿನ, ಸಾಲ ಎಷ್ಟು ಭದ್ರ ಎಂದು ಹೇಳುವ ದರ್ಜೆ ಅಂದರೆ ರೇಟಿಂಗ್ ಎಂದು ಅಂಕಣಗಳು.

"ಸರ್, ಇದು ನನ್ನ ತಲೆಗೆ ಹೋಗುವುದಿಲ್ಲ. ನಾನು ಐ.ಟಿ.ಐ. ಓದಿದವನು."

"ನಿಮ್ಮ ಮೇಜಿಗೆ ಒಂದು ಬಿಡಿಭಾಗ ಬಂದರೆ ಮೊದಲು ಏನು ನೋಡುತ್ತೀರಿ?"

"ಡ್ರಾಯಿಂಗ್ ನೋಡುತ್ತೇನೆ, ಅಳತೆ ಹಿಡಿಯುತ್ತೇನೆ. ಅಳೆದ ಉಪಕರಣ ಸರಿಯಿದೆಯೇ ಎಂದು ಪರೀಕ್ಷಿಸಿದ ಕ್ಯಾಲಿಬ್ರೇಷನ್ ತಾರೀಕು ನೋಡುತ್ತೇನೆ."

"ಹಾಗೆಯೇ ಇದನ್ನೂ ನೋಡಿ."

ಹತ್ತು ನಿಮಿಷ ಮಾತಿಲ್ಲ. ಕಾಫಿ ಆರಿತು. ನನಗೆ ಬಾಯಿ ತುರಿಸುತ್ತಿತ್ತು. ಆಮೇಲೆ ರೇಟಿಂಗ್ ಅಂಕಣದ ಮೇಲೆ ಬೆರಳಿಟ್ಟು, "ಇದನ್ನು ಅಳೆದದ್ದು ಯಾವತ್ತು ಸರ್? ತಾರೀಕೇ ಇಲ್ಲವಲ್ಲ" ಎಂದ. ಅಲ್ಲಿದ್ದದ್ದು ಬಾಂಡು ಕೊಂಡ ದಿನದ ರೇಟಿಂಗ್. ಆಮೇಲೆ ಅದು ಎಷ್ಟು ಮೆಟ್ಟಿಲು ಇಳಿದಿದೆ ಎಂಬುದು ಪಟ್ಟಿಯಲ್ಲಿರಲಿಲ್ಲ. 2018ರಲ್ಲಿ ಅತ್ಯುನ್ನತ ದರ್ಜೆಯ ಸಾಲಪತ್ರಗಳು ಕೆಲವೇ ವಾರಗಳಲ್ಲಿ ನೆಲಕಚ್ಚಿದ್ದನ್ನು ಕಂಡಿದ್ದ ನಾನು ಇದೇ ಪ್ರಶ್ನೆಗೆ ಬರಲು ವರ್ಷಗಳನ್ನು ತೆಗೆದುಕೊಂಡಿದ್ದೆ.

ಸಭೆಯಲ್ಲಿ ಅವನು ಅದನ್ನೇ ಕೇಳಿದ. ಲೆಕ್ಕಪತ್ರ ವಿಭಾಗದ ಅಧಿಕಾರಿ ಮುಂದಿನ ಸಭೆಗೆ ತರುತ್ತೇನೆಂದರು. ಮುಂದಿನ ಸಭೆಗೆ ಪಟ್ಟಿಯಲ್ಲಿ ಹೊಸ ಅಂಕಣ ಬಂದಿತ್ತು. ಎರಡು ಬಾಂಡುಗಳ ದರ್ಜೆ ಇಳಿದಿತ್ತು. ಅವನ್ನು ಮಾರಬೇಕೋ ಬಿಡಬೇಕೋ ಎಂಬ ಚರ್ಚೆ ಆ ಮಂಡಳಿಯಲ್ಲಿ ಮೊದಲ ಸಲ ನಡೆಯಿತು. ಅಧ್ಯಕ್ಷರು ಆಡಳಿತ ವರ್ಗದವರು, ಮತಗಳು ಸಮವಾದರೆ ನಿರ್ಣಾಯಕ ಮತ ಅವರದೇ. ಆದರೂ ನಡಾವಳಿಯಲ್ಲಿ ಪ್ರಶ್ನೆ ದಾಖಲಾಯಿತು.

ಎಲ್ಲ ಜೋಡಿಯೂ ಹೀಗೆ ಕೂಡಲಿಲ್ಲ. ಒಬ್ಬ ಹಿರಿಯರು ಪ್ರತಿ ಸಲವೂ 1990ರ ದಶಕದ ಮುಷ್ಕರದ ಕಥೆ ಹೇಳುತ್ತಿದ್ದರು. ಮೂರನೆಯ ಬಾರಿ ಹೊಸಬ ಬರಲೇ ಇಲ್ಲ. ಜೋಡಣೆ ವಿಭಾಗದ ಮಹಿಳಾ ಟ್ರಸ್ಟಿಯೊಬ್ಬರು ಸಂಜೆ ಕಂಪನಿ ಬಸ್ ತಪ್ಪಿಸಿಕೊಂಡು ದರ್ಶಿನಿಗೆ ಬರುವುದು ಹೇಗೆ ಎಂದು ಕೇಳಿದಾಗ ನನಗೆ ನಾಚಿಕೆಯಾಯಿತು. ನಾವು ಗಂಡಸರು ಯಾರೂ ಅದನ್ನು ಯೋಚಿಸಿರಲಿಲ್ಲ. ಅವರ ಜೋಡಿ ಊಟದ ಬಿಡುವಿನಲ್ಲಿ ಫೋನಿನಲ್ಲೇ ನಡೆಯಿತು. ಇನ್ನೊಮ್ಮೆ ಒಬ್ಬರು ತಂದ ಕಾಗದದಲ್ಲಿ ಮನೆ ಕಟ್ಟಲು ಮುಂಗಡ ಕೇಳಿದ ಸದಸ್ಯರ ಹೆಸರು, ಮೊತ್ತ ಎಲ್ಲವೂ ಇತ್ತು. ಅದು ಮೇಜಿನ ಮೇಲೆ ಇಡ್ಲಿ ತಟ್ಟೆಯ ಪಕ್ಕ ಬಿದ್ದಿತ್ತು. ಅಂದಿನಿಂದ ಸದಸ್ಯರ ಹೆಸರು ಮಸಿ ಬಳಿದ ಪ್ರತಿ ಮಾತ್ರ ಹೊರಗೆ ಬರಬೇಕು. ಹೂಡಿಕೆ ಪಟ್ಟಿಯನ್ನು ತರುವುದಕ್ಕೂ ಅವರವರ ಮಂಡಳಿಯ ಒಪ್ಪಿಗೆ ಬೇಕು. ಒಂದು ಮಂಡಳಿ ಒಪ್ಪಲಿಲ್ಲ, ಆ ಜೋಡಿ ನಿಂತಿತು.

ಹೊಸ ಟ್ರಸ್ಟಿಗೆ ಗೇಟಿನ ಬಳಿ ಎದುರಾಗುವ ಮೊದಲ ಪ್ರಶ್ನೆ ಹೂಡಿಕೆಯದಲ್ಲ, "ಅಣ್ಣಾ, ನನಗೆ ಪೆನ್ಷನ್ ಎಷ್ಟು ಬರುತ್ತದೆ?" ಎಂಬುದು. ಆ ಹಣ ಟ್ರಸ್ಟಿನಲ್ಲಿ ಇರುವುದೇ ಇಲ್ಲ. ಮಾಲೀಕರ ವಂತಿಗೆಯಿಂದ ಸಂಬಳದ ಶೇ. 8.33, ಅದೂ ಸಾಮಾನ್ಯವಾಗಿ 15,000 ರೂಪಾಯಿ ಸಂಬಳದ ಮಿತಿಯಲ್ಲಿ, ಅಂದರೆ ತಿಂಗಳಿಗೆ ಹೆಚ್ಚೆಂದರೆ 1,250 ರೂಪಾಯಿ, 1995ರ ಪಿಂಚಣಿ ಯೋಜನೆಗೆಂದು ಇ.ಪಿ.ಎಫ್.ಓ.ಗೆ ಹೋಗುತ್ತದೆ. ಇದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡುತ್ತೇವೆ. ಗೊತ್ತಿಲ್ಲದಿದ್ದರೆ "ಕೇಳಿ ಹೇಳುತ್ತೇನೆ" ಎನ್ನುವುದನ್ನೂ ಕಲಿಸುತ್ತೇವೆ. ಚುನಾವಣೆ ಗೆದ್ದು ಬಂದವರಿಗೆ ಆ ಮೂರಕ್ಷರದ "ಗೊತ್ತಿಲ್ಲ" ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಈ ವರ್ಷ ಒಂಬತ್ತು ಜೋಡಿಗಳಿವೆ. ಟೂಲ್ ರೂಮಿನವನು ಈಗ ಹಿರಿಯನ ಸಾಲಿನಲ್ಲಿದ್ದಾನೆ. ಮೊನ್ನೆ ಫೋನು ಮಾಡಿ, "ಸರ್, ನನ್ನ ಜೋಡಿ ಬರೀ ತಲೆ ಆಡಿಸುತ್ತಾರೆ, ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ, ನಾನೇ ಹೇಳಿಬಿಡಲೇ?" ಎಂದ. ಇನ್ನೊಂದು ಕಾಫಿ ತರಿಸಿ ಎಂದೆ.