ಮಲೆನಾಡಿನ ಮನೆಗೆ ಹೊರಗಿನ ಬಣ್ಣ: ಮೊದಲು ಗೋಡೆ, ಆಮೇಲೆ ಶೇಡ್ ಕಾರ್ಡ್

ಸಾಗರದ ಕಡೆ ಯಾರಾದರೂ ಶೇಡ್ ಕಾರ್ಡ್, ಅಂದರೆ ಪೇಂಟಿನ ಬಣ್ಣಗಳ ಮಾದರಿ ಕಾರ್ಡ್, ಹಿಡಿದು ನನ್ನನ್ನು ಕೇಳಲು ಬಂದರೆ, ಅದನ್ನು ಮಡಚಿಡಿ ಎನ್ನುತ್ತೇನೆ. ಮೊದಲು ಮನೆಗೆ ಒಂದು ಸುತ್ತು ಹಾಕಬೇಕು. ನಮ್ಮಲ್ಲಿ ಮಳೆ ನೈಋತ್ಯದಿಂದ ಬೀಸುತ್ತದೆ, ಪಶ್ಚಿಮ ಮತ್ತು ದಕ್ಷಿಣದ ಗೋಡೆಗೆ ಎರಚಲು ಜಾಸ್ತಿ. ಮರದ ನೆರಳು ಬಿದ್ದಲ್ಲಿ ಹಾವಸೆ. ಇನ್ನು ಸೂರಿನ ನೀರು ಅಂಗಳಕ್ಕೆ ಬಿದ್ದು ಕೆಮ್ಮಣ್ಣು ಸಿಡಿಯುತ್ತದಲ್ಲ, ಅದು ಗೋಡೆಯ ಬುಡದಲ್ಲಿ ಎರಡಡಿಯವರೆಗೂ ಹತ್ತಿರುತ್ತದೆ. ಅಲ್ಲಿಗೆ ಕೆನೆ ಬಣ್ಣ ಹೊಡೆಸಿದರೆ ಆಷಾಢ ಮುಗಿಯುವಷ್ಟರಲ್ಲಿ ನೋಡೋಕಾಗಲ್ಲ. ಬುಡಕ್ಕೆ ಎರಡೂವರೆ ಅಡಿ ಕಾವಿ ಬಣ್ಣದ ಪಟ್ಟಿ ಬರಲಿ. ಹಳೇ ಮನೆಗಳಲ್ಲಿ ಸುಮ್ನೆ ಹಾಗೆ ಮಾಡಿದ್ದಲ್ಲ.

ಮೇಲಿನ ಭಾಗಕ್ಕೆ ಮಣ್ಣಿನ ಹಳದಿ, ತಿಳಿ ಬೂದು ಒಳ್ಳೇದು. ಕಣ್ಣು ಕುಕ್ಕುವ ಕೆಂಪು, ನೇರಳೆ ಬಿಸಿಲಿಗೆ ಬೇಗ ಮಾಸುತ್ತವೆ. ಕಾರ್ಡಿನ ಚೌಕ ಅಂಚೆ ಚೀಟಿಯಷ್ಟಿರುತ್ತದೆ, ದೊಡ್ಡ ಗೋಡೆಯ ಮೇಲೆ ಅದೇ ಬಣ್ಣ ಇನ್ನೂ ಎದ್ದು ಕಾಣುತ್ತದೆ. ಅದಕ್ಕೆ ಚಿಕ್ಕ ಡಬ್ಬಿ ತಂದು, ಬಿಸಿಲ ಗೋಡೆಗೊಂದು, ನೆರಳ ಗೋಡೆಗೊಂದು ಮೂರಡಿ ಚೌಕ ಹೊಡೆಸಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ.

ಇನ್ನು ಹೊಳಪು. ಹೊಳಪಿಲ್ಲದ ಮ್ಯಾಟ್ ಆದರೆ ಗಾರೆಯ ಉಬ್ಬುತಗ್ಗು ಮುಚ್ಚಿಹೋಗುತ್ತದೆ, ಆದರೆ ಧೂಳು ಹಿಡಿಯುತ್ತದೆ. ಹೆಚ್ಚು ಹೊಳಪಿದ್ದರೆ ನೀರು ಜಾರಿ ಇಳಿಯುತ್ತದೆ, ತೊಳೆಯೋದೂ ಸುಲಭ. ಆದರೆ ಸಂಜೆಯ ಓರೆ ಬಿಸಿಲಿಗೆ ಗಾರೆ ಕರಣೆಯ ಗೆರೆಯೆಲ್ಲ ಲೆಕ್ಕಕ್ಕೆ ಸಿಗುತ್ತದೆ! ಜಂಬಿಟ್ಟಿಗೆ ಗೋಡೆ ಅಷ್ಟು ಸಮ ಇರೋದು ಅಪರೂಪ ಅಲ್ವಾ? ನನ್ನ ಮತ ತುಸು ಹೊಳಪಿನ ಅಕ್ರಿಲಿಕ್ ಎಕ್ಸ್‌ಟೀರಿಯರ್ ಎಮಲ್ಷನ್‌ಗೆ, ಅಂದರೆ ನೀರಲ್ಲಿ ಕಲಸುವ ಹೊರಗೋಡೆಯ ಪೇಂಟಿಗೆ. ಹೊರಗೋಡೆಗೆ ಆಯಿಲ್ ಪೇಂಟ್ ಮಾತ್ರ ಬೇಡ. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಗುಳ್ಳೆ ಏಳುತ್ತದೆ.

ಹಾವಸೆಯನ್ನು ಬ್ರಷ್‌ನಲ್ಲಿ ಕೆರೆದು, ಬ್ಲೀಚಿಂಗ್ ಪೌಡರ್ ನೀರು ಹಚ್ಚಿ, ತೊಳೆದು ಒಣಗಿಸಿ. ಗೋಡೆಯಲ್ಲಿ ತೇವ ಉಳಿದಿದೆಯಾ ನೋಡೋಕೆ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ರಾತ್ರಿಯಿಡೀ ಗೋಡೆಗೆ ಅಂಟಿಸಿಡಿ. ಬೆಳಿಗ್ಗೆ ಒಳಗೆ ಹನಿ ಕಂಡರೆ ಇನ್ನೂ ಕಾಯಬೇಕು. ಹೊಸ ಗಾರೆಯಾದರೆ ಕನಿಷ್ಠ 28 ದಿನ. ಜನವರಿಯಿಂದ ಏಪ್ರಿಲ್ ಒಳಗೆ ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರ್ ಒಂದು ಸಲ, ಬಣ್ಣ ಎರಡು ಕೋಟು ಮುಗಿಸಿ.

ಡಬ್ಬಿಗಳ ಬ್ಯಾಚ್ ನಂಬರ್ ಒಂದೇ ಇರಲಿ, ಇಲ್ಲದಿದ್ದರೆ ಎಲ್ಲವನ್ನೂ ಡ್ರಮ್ಮಿಗೆ ಸುರಿದು ಕಲಸಿಸಿ. ಒಂದು ಲೀಟರ್ ಉಳಿಸಿಕೊಂಡು ಮುಚ್ಚಳದ ಮೇಲೆ ಶೇಡ್ ನಂಬರ್ ಬರೆದಿಡಿ.