ಕೀಮೋ ಒಂದು ದಿನ, ಮನೆ ಇಪ್ಪತ್ತು ದಿನ: ಸಂಸಾರ ನಡೆಸುವುದು ಹೇಗೆ?

ಕ್ಯಾನ್ಸರ್‌ಗೆ ಕೊಡುವ ಕೀಮೋ (ಕೀಮೋಥೆರಪಿ) ಅಂದರೆ ಆಸ್ಪತ್ರೆಗೆ ಸಂಬಂಧಪಟ್ಟಿದ್ದು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಲೆಕ್ಕ ಹಾಕಿ ನೋಡಿ. ಸ್ತನ ಕ್ಯಾನ್ಸರ್‌ಗೆ ಕೊಡುವ ಹಲವು ಔಷಧಿಗಳನ್ನು 21 ದಿನಕ್ಕೊಂದು ಸಲ ಹಾಕುತ್ತಾರೆ. ಅದರಲ್ಲಿ ಆಸ್ಪತ್ರೆಯಲ್ಲಿ ಕಳೆಯುವುದು ಹೆಚ್ಚಾಗಿ ಒಂದೇ ದಿನ. ಮಿಕ್ಕ 20 ದಿನ ಮನೆಯಲ್ಲೇ. ಅದು ಹಾಸನದ ಬಾಡಿಗೆ ಮನೆ ಇರಬಹುದು, ಬೇಲೂರು ಕಡೆಯ ಹಳ್ಳಿ ಇರಬಹುದು, ಮೂಡಿಗೆರೆಯ ತೋಟದ ಮನೆ ಇರಬಹುದು. ವಾಂತಿ ಬರುವುದು ಅಲ್ಲಿ, ಜ್ವರ ಏರುವುದು ಅಲ್ಲಿ, ಮಗು ಹೋಮ್‌ವರ್ಕ್ ಮಾಡಲ್ಲ ಅಂತ ಹಟ ಹಿಡಿಯುವುದೂ ಅಲ್ಲೇ.

ನನ್ನ ಹೆಂಡತಿಗೆ ಈ ಚಿಕಿತ್ಸೆ ನಡೆದಾಗ ನಾನು ಕಲಿತದ್ದು, ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದ ಬೇರೆ ಗಂಡಹೆಂಡಿರಿಂದ ತಿಳಿದದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಯಾವ ಔಷಧಿ, ಎಷ್ಟು ಅನ್ನುವುದನ್ನು ಡಾಕ್ಟರ್ ಹೇಳುತ್ತಾರೆ. ಒಲೆ ಹಚ್ಚುವವರು ಯಾರು, ದನ ಕಟ್ಟುವವರು ಯಾರು ಅನ್ನುವುದನ್ನು ನಾವೇ ಕೂತು ತೀರ್ಮಾನ ಮಾಡಬೇಕು.

ಮೊದಲು 21 ದಿನದ ಕ್ಯಾಲೆಂಡರ್ ಬರೆಯಿರಿ

ನಮ್ಮ ಮನೆಗಳು ವಾರದ ಲೆಕ್ಕದಲ್ಲಿ ನಡೆಯುತ್ತವೆ. ಸಂತೆ, ಶಾಲೆ, ಭಾನುವಾರ. ಕೀಮೋ ನಡೆಯುವಷ್ಟು ದಿನ ಈ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಗೋಡೆಯ ಕ್ಯಾಲೆಂಡರ್‌ನಲ್ಲಿ ಔಷಧಿ ಹಾಕಿದ ದಿನಕ್ಕೆ 1 ಅಂತ ಬರೆದು, 21ರ ತನಕ ಎಣಿಸಿಕೊಂಡು ಹೋಗಿ. ಆಮೇಲೆ ಅದನ್ನು ಮೂರು ಭಾಗ ಮಾಡಿ.

ಮೊದಲ ವಾರ ವಾಕರಿಕೆ, ಸುಸ್ತು, ಬಾಯಿ ರುಚಿ ಕೆಡುವುದು. ಎರಡನೆಯ ವಾರ, ಅಂದರೆ ಸುಮಾರು 7ರಿಂದ 14ನೇ ದಿನದೊಳಗೆ, ಸೋಂಕಿನ ವಿರುದ್ಧ ಹೋರಾಡುವ ರಕ್ತದ ಬಿಳಿಕಣ ತುಂಬಾ ಕಡಿಮೆಯಾಗುತ್ತದೆ. ಆಗ ನೋಡಲು ಗಟ್ಟಿಯಾಗಿ ಕಾಣಬಹುದು, ಎದ್ದು ಓಡಾಡಬಹುದು, ಆದರೆ ಸೋಂಕಿನ ಭಯ ಜಾಸ್ತಿ ಇರುವುದು ಆಗಲೇ. ಮೂರನೆಯ ವಾರ ಮೈ ಸ್ವಲ್ಪ ಚೇತರಿಸಿಕೊಳ್ಳುತ್ತದೆ.

ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಊರಿಂದ ಅತ್ತೆಯನ್ನೋ ಅಕ್ಕನನ್ನೋ ಕರೆಸುವುದಾದರೆ ಮೊದಲ ವಾರಕ್ಕೆ ಕರೆಸಿ. ನೆಂಟರ ಮನೆ ಗೃಹಪ್ರವೇಶ ಎರಡನೆಯ ವಾರದಲ್ಲಿ ಬಂದರೆ ನೀವೊಬ್ಬರೇ ಹೋಗಿ ಬನ್ನಿ. ಮಗುವಿನ ಹುಟ್ಟುಹಬ್ಬ, ಬ್ಯಾಂಕಿನ ಸಹಿ, ಅವರಿಗೆ ಹೋಗಬೇಕು ಅನ್ನಿಸುವ ದೇವಸ್ಥಾನ, ಇವೆಲ್ಲ ಮೂರನೆಯ ವಾರಕ್ಕೆ ಇರಲಿ. ಎಲ್ಲರಿಗೂ 21 ದಿನವೇ ಅಂತಲ್ಲ. ಕೆಲವರಿಗೆ 14 ದಿನಕ್ಕೊಮ್ಮೆ, ಕೆಲವರಿಗೆ ವಾರಕ್ಕೊಮ್ಮೆ ಹಾಕುತ್ತಾರೆ. ನಿಮ್ಮದು ಯಾವುದು, ಬಿಳಿಕಣ ಇಳಿಯುವುದು ಯಾವಾಗ ಅಂತ ಮೊದಲ ದಿನವೇ ಕೇಳಿ ಬರೆದುಕೊಳ್ಳಿ.

ಪ್ರಯಾಣ: ರಕ್ತ ಪರೀಕ್ಷೆ ಊರಲ್ಲೇ ಆಗಲಿ

ಹಾಸನ, ಚನ್ನರಾಯಪಟ್ಟಣದವರು ಹೆಚ್ಚಾಗಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಮೈಸೂರಿಗೋ ಹೋಗುತ್ತಾರೆ. ಮೂಡಿಗೆರೆ ಕಡೆಯವರಿಗೆ ಚಾರ್ಮಾಡಿ ಇಳಿದರೆ ಮಂಗಳೂರು. ಕೊಪ್ಪ, ಶೃಂಗೇರಿಯವರು ಆಗುಂಬೆ ಇಳಿದು ಮಣಿಪಾಲಕ್ಕೆ. ಪ್ರತಿ ಸಲ ಔಷಧಿ ಹಾಕುವ ಮುಂಚೆ ರಕ್ತ ಪರೀಕ್ಷೆ ಮಾಡುತ್ತಾರೆ. ಬಿಳಿಕಣ ಕಡಿಮೆ ಇದ್ದರೆ 'ಮುಂದಿನ ವಾರ ಬನ್ನಿ' ಅಂತ ವಾಪಸ್ ಕಳಿಸುತ್ತಾರೆ. ಅಷ್ಟು ದೂರ ಹೋಗಿ ಬರಿಗೈಲಿ ಬರುವಾಗ ಆಗುವ ಸುಸ್ತು, ಬೇಜಾರು ಯಾರಿಗೂ ಬೇಡ. ಅದಕ್ಕೇ, 'ಹಿಂದಿನ ದಿನ ನಮ್ಮೂರ ಲ್ಯಾಬಿನಲ್ಲೇ ಪರೀಕ್ಷೆ ಮಾಡಿಸಿ ವರದಿ ಕಳಿಸಿದರೆ ಆಗುತ್ತಾ?' ಅಂತ ಕೇಳಿ. ಒಪ್ಪಿದರೆ ದೊಡ್ಡ ಉಪಕಾರ.

ಇನ್ನೊಂದು ಪ್ರಶ್ನೆಯನ್ನೂ ಕೇಳಿ. 2025ರಲ್ಲಿ ರಾಜ್ಯ ಸರ್ಕಾರ ಹಲವು ಜಿಲ್ಲಾಸ್ಪತ್ರೆಗಳಲ್ಲಿ ಹಗಲಿನ ಹೊತ್ತು ಕೀಮೋ ಕೊಡುವ ಕೇಂದ್ರಗಳನ್ನು ಶುರು ಮಾಡಿತು. ಮೊದಲ ಒಂದೆರಡು ಸಲ ದೊಡ್ಡ ಆಸ್ಪತ್ರೆಯಲ್ಲಿ ಮುಗಿಸಿ, ಮುಂದಿನದನ್ನು ಹತ್ತಿರದಲ್ಲೇ ಹಾಕಿಸಲು ಸಾಧ್ಯವಾ ಅಂತ ಡಾಕ್ಟರ್ ಹತ್ತಿರವೇ ವಿಚಾರಿಸಿ.

ಶಕ್ತಿ ಯೋಜನೆ ಇರುವುದರಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಹೋಗುವಾಗ ಮೂರನೆಯ ವಾರ ಮುಗಿದಿರುತ್ತದೆ, ಬಸ್ಸಿನಲ್ಲಿ ಹೋಗಬಹುದು, ಮಾಸ್ಕ್ ಮಾತ್ರ ಇರಲಿ. ಬರುವಾಗ ವಾಕರಿಕೆ ಇರುತ್ತದೆ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಅದನ್ನು ಬರುವ ದಾರಿಯ ಕಾರಿಗೆ ಉಳಿಸಿಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ. ರೈಲೂ ಒಳ್ಳೆಯ ದಾರಿ. 2017ರಿಂದ ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ ನೇರವಾಗಿ ಬೆಂಗಳೂರಿಗೆ ರೈಲಿದೆ. ಶೌಚಾಲಯ ಇರುತ್ತದೆ, ಕಾಲು ಚಾಚಬಹುದು. ಚಿಕಿತ್ಸೆಗೆ ಹೋಗಿ ಬರುವ ಕ್ಯಾನ್ಸರ್ ರೋಗಿಗೂ ಜೊತೆಗಿರುವವರಿಗೂ ರೈಲ್ವೆ ರಿಯಾಯಿತಿ ಇದೆ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಆಸ್ಪತ್ರೆಯಲ್ಲೇ ಬರೆಸಿಕೊಳ್ಳಿ. ಕಿದ್ವಾಯಿಯಲ್ಲಿ ಉಳಿದುಕೊಳ್ಳಲು ಧರ್ಮಶಾಲೆಯೂ ಇದೆ.

ಮಳೆಗಾಲದಲ್ಲಿ ಘಾಟಿ ಇಳಿಯುವವರು ಒಂದು ದಿನ ಮುಂಚೆಯೇ ಹೊರಡಿ. ಗುಡ್ಡ ಜರಿದರೆ ಚಾರ್ಮಾಡಿಯೂ ಶಿರಾಡಿಯೂ ಯಾವಾಗ ಬಂದ್ ಆಗುತ್ತವೆ ಅಂತ ಹೇಳಲಿಕ್ಕಾಗುವುದಿಲ್ಲ.

ಕಾಗದ ಪತ್ರ

ಒಂದೇ ಫೈಲು, ಅದು ಒಂದೇ ಜಾಗದಲ್ಲಿ ಇರಲಿ. ಬಯಾಪ್ಸಿ ವರದಿ, ಸ್ಕ್ಯಾನ್, ಪ್ರತಿ ಸಲದ ಡಿಸ್ಚಾರ್ಜ್ ಚೀಟಿ, ರೇಷನ್ ಕಾರ್ಡ್, ಆಧಾರ್ ಜೆರಾಕ್ಸ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ನಿಗದಿತ ದರದ ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ಇದನ್ನು ದುಡ್ಡು ಕಟ್ಟುವುದಕ್ಕೆ ಮುಂಚೆಯೇ ವಿಚಾರಿಸಿ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡ್ ಇದೆಯಾ ಅಂತ ನೋಡಿಕೊಳ್ಳಿ.

ಮೊದಲ 48 ಗಂಟೆ: ಬಚ್ಚಲು, ಬಟ್ಟೆ, ಫ್ರಿಜ್ಜು

ಔಷಧಿಯ ಅಂಶ ಒಂದೆರಡು ದಿನ ಮೂತ್ರದಲ್ಲಿ, ವಾಂತಿಯಲ್ಲಿ, ಬೆವರಿನಲ್ಲಿ ಹೊರಗೆ ಹೋಗುತ್ತದೆ. ಆ 48 ಗಂಟೆ ಶೌಚಾಲಯಕ್ಕೆ ಹೋದಾಗಲೆಲ್ಲ ಎರಡೆರಡು ಸಲ ನೀರು ಹಾಕಿ. ವಾಂತಿ ಬಳಿಯುವಾಗ ಕೈಗವಸು ಹಾಕಿಕೊಳ್ಳಿ. ಗಲೀಜಾದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಬಸುರಿಯರು ಮನೆಯಲ್ಲಿದ್ದರೆ ಈ ಕೆಲಸ ಅವರಿಗೆ ಬೇಡ. ಹಾಗಂತ ರೋಗಿಯನ್ನು ಮುಟ್ಟಬಾರದು, ಮಗು ಹತ್ತಿರ ಹೋಗಬಾರದು ಅಂತೆಲ್ಲ ಇಲ್ಲ. ಕ್ಯಾನ್ಸರ್ ಅಂಟುರೋಗ ಅಲ್ಲ. ಅಪ್ಪಿಕೊಳ್ಳಬಹುದು, ಪಕ್ಕದಲ್ಲೇ ಮಲಗಬಹುದು. ಅವರ ತಟ್ಟೆ ಲೋಟವನ್ನು ಮೂಲೆಗೆ ಇಡುವ ಮನೆಗಳನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಗಂಡಹೆಂಡಿರು ಕೂಡುವ ವಿಚಾರದಲ್ಲಿ ನಾಚಿಕೆ ಬಿಟ್ಟು ಡಾಕ್ಟರನ್ನು ಕೇಳಿ. ಆದರೆ ಚಿಕಿತ್ಸೆ ನಡೆಯುವಾಗ ಗರ್ಭ ನಿಲ್ಲಬಾರದು, ಇದನ್ನು ಮಾತ್ರ ಮರೆಯಬೇಡಿ.

ಡಾಕ್ಸೊರೂಬಿಸಿನ್ ಅನ್ನುವ ಔಷಧಿ ಕೆಂಪಗಿರುತ್ತದೆ. ಅದನ್ನು ಹಾಕಿದರೆ ಒಂದೆರಡು ದಿನ ಮೂತ್ರ ಕೆಂಪಗೆ ಬರುತ್ತದೆ. ಅದು ರಕ್ತ ಅಲ್ಲ, ಔಷಧಿಯದೇ ಬಣ್ಣ. ಮುಂಚೆಯೇ ಗೊತ್ತಿದ್ದರೆ ರಾತ್ರಿ ಗಾಬರಿ ಬೀಳುವುದು ತಪ್ಪುತ್ತದೆ.

ಬಿಳಿಕಣ ಏರಿಸುವ ಇಂಜೆಕ್ಷನ್ ಬರೆದಿದ್ದರೆ ಅದನ್ನು ಐಸ್ ಡಬ್ಬದಲ್ಲಿ ತಂದು ಫ್ರಿಜ್ಜಿನಲ್ಲಿ ಇಡಬೇಕು. ಫ್ರೀಜರ್‌ನಲ್ಲಿ ಅಲ್ಲ. ಸಕಲೇಶಪುರ, ಮೂಡಿಗೆರೆ ಕಡೆ ಜುಲೈಯಲ್ಲಿ ಕರೆಂಟ್ ಹೋದರೆ ಬರುವುದು ಯಾವಾಗಲೋ. ಪೇಟೆಯ ಮೆಡಿಕಲ್ ಶಾಪ್‌ನವರಿಗೆ ಹೇಳಿ ಅವರ ಫ್ರಿಜ್ಜಿನಲ್ಲಿ ಇಡಿಸಿ, ಬೇಕಾದ ದಿನ ತಂದು ಹತ್ತಿರದ ನರ್ಸ್ ಕೈಯಲ್ಲಿ ಹಾಕಿಸಿ. ಅದನ್ನು ಹಾಕಿದ ಮೇಲೆ ಮೂಳೆ ನೋವು ಬರುವುದು ಸಾಮಾನ್ಯ.

ಅಡುಗೆಮನೆ

ವಾಕರಿಕೆ ಎಬ್ಬಿಸುವುದರಲ್ಲಿ ಒಗ್ಗರಣೆ ವಾಸನೆಯೇ ಮೊದಲು. ರೋಗಿ ಮಲಗುವ ಕೋಣೆ ಅಡುಗೆಮನೆಗೆ ದೂರ ಇರಲಿ. ಬೆಳಿಗ್ಗೆ ಅವರು ಏಳುವ ಮೊದಲೇ ಸಾರಿನ ಕೆಲಸ ಮುಗಿಸಿಬಿಡಿ. ಬಿಸಿಬಿಸಿ ಊಟಕ್ಕಿಂತ ಆರಿದ ಊಟಕ್ಕೆ ವಾಸನೆ ಕಡಿಮೆ. ಗಂಜಿ, ರಾಗಿ ಅಂಬಲಿ, ಮೆತ್ತಗಿನ ಇಡ್ಲಿ, ಹೆಸರುಬೇಳೆ ಕಿಚಡಿ. ಮೂರು ಹೊತ್ತಿನ ಊಟವನ್ನು ಆರು ಹೊತ್ತು ಸ್ವಲ್ಪ ಸ್ವಲ್ಪ ಕೊಡಿ. ಬಾಯಿಯೆಲ್ಲ ಲೋಹದ ರುಚಿ ಅಂತ ಹೇಳಿದರೆ ಸ್ಟೀಲ್ ತಟ್ಟೆ ಬಿಟ್ಟು ಬಾಳೆಎಲೆಯಲ್ಲಿ ಬಡಿಸಿ. ನಮ್ಮಲ್ಲಿ ಎಲೆಗೇನು ಬರವಿಲ್ಲವಲ್ಲ. ಬಾಯಿ ಹುಣ್ಣಾದರೆ ಖಾರ, ಹುಳಿ ಪೂರ್ತಿ ನಿಲ್ಲಿಸಿ. ಕಾಯಿಸಿ ಆರಿಸಿದ ನೀರಿಗೆ ಸ್ವಲ್ಪ ಉಪ್ಪು, ಅಡುಗೆ ಸೋಡ ಹಾಕಿ ದಿನಕ್ಕೆ ನಾಲ್ಕಾರು ಸಲ ಮುಕ್ಕಳಿಸಲಿ. ಬ್ರಷ್ ಮೆತ್ತಗಿನದ್ದು ಇರಲಿ.

ಮೈ ರಿಪೇರಿ ಆಗಲು ಪ್ರೋಟೀನ್ ಬೇಕು. ತಿನ್ನುವ ಮನೆಯಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆ, ಕೋಳಿ. ಇಲ್ಲದಿದ್ದರೆ ಬೇಳೆ, ಮೊಳಕೆ ಬರಿಸಿ ಬೇಯಿಸಿದ ಕಾಳು, ಪನೀರ್. ಎರಡನೆಯ ವಾರ ಹಸಿ ತರಕಾರಿಯ ಕೋಸಂಬರಿ ಬೇಡ, ಹೊರಗಿನ ಚಟ್ನಿ, ಪಾನಿಪುರಿಯಂತೂ ಬೇಡವೇ ಬೇಡ. ಸಿಪ್ಪೆ ಸುಲಿಯುವ ಹಣ್ಣು ಕೊಡಿ. ಬಾಳೆ, ಕಿತ್ತಳೆ ನಡೆಯುತ್ತದೆ. ಮಲೆನಾಡಿನಲ್ಲಿ ಗುಡ್ಡದ ಹರಿವಿನಿಂದ ಪೈಪ್ ಹಾಕಿ ಬರುವ ನೀರನ್ನು ಹಾಗೇ ಕುಡಿಯುವ ರೂಢಿ ಇದೆ. ಚಿಕಿತ್ಸೆ ಮುಗಿಯುವ ತನಕ ಕುದಿಸಿದ ನೀರೇ ಆಗಬೇಕು. ಮನೆ ಹಸುವಿನ ಹಾಲೇ ಆದರೂ ಉಕ್ಕಿಸಿಯೇ ಕೊಡಿ.

ಇನ್ನು ಕಷಾಯ. ಮನೆಗೆ ಬಂದವರು ಲಕ್ಷ್ಮಣಫಲದ ಎಲೆ ತಂದುಕೊಡುತ್ತಾರೆ, ಶಿವಮೊಗ್ಗ ಕಡೆ ನಾಟಿ ಔಷಧಿ ಇದೆ ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಲಕ್ಷ್ಮಣಫಲದಿಂದ ಮನುಷ್ಯರ ಕ್ಯಾನ್ಸರ್ ಗುಣವಾಗುತ್ತದೆ ಅನ್ನುವುದಕ್ಕೆ ಸಾಕ್ಷಿ ಇಲ್ಲ. ಕೆಲವು ಸೊಪ್ಪು, ಬೇರುಗಳು ಕೀಮೋ ಔಷಧಿಯ ಜೊತೆ ಸೇರಿ ಲಿವರ್‌ಗೆ ಕಷ್ಟ ಕೊಡುತ್ತವೆ. 'ಡಾಕ್ಟರನ್ನು ಕೇಳಿ ಕೊಡ್ತೀವಿ ಚಿಕ್ಕಮ್ಮ' ಅಂತ ಹೇಳಿ ತೆಗೆದಿಡಿ. ಡಾಕ್ಟರನ್ನು ನಿಜವಾಗಿಯೂ ಕೇಳಿ. ಮುಚ್ಚಿಟ್ಟು ಕುಡಿಸುವುದು ಮಾತ್ರ ಬೇಡ.

ಜ್ವರ ಬಂದ ರಾತ್ರಿ

ಇದನ್ನು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ: ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ತೋರಿಸಿದರೆ ಆಗಲೇ ಆಸ್ಪತ್ರೆ. ಬೆಳಗಾಗಲಿ ಅಂತ ಕಾಯಬೇಡಿ. ಬಿಳಿಕಣ ಇಲ್ಲದ ಮೈಯಲ್ಲಿ ಸೋಂಕು ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಅಪಾಯ ತರಬಹುದು. ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ಕೊಡಬೇಡಿ. ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೇ ಬೆಳೆಯುತ್ತಿರುತ್ತದೆ. ಜ್ವರ ಇಲ್ಲದೆ ಬರೀ ಚಳಿ ನಡುಕ, ಉಸಿರಾಟದ ತೊಂದರೆ, ನಿಲ್ಲದ ಭೇದಿ ಬಂದರೂ ಹಾಗೇ ಹೊರಡಿ.

ಆ ರಾತ್ರಿಗೆ ತಯಾರಿ ಮುಂಚೆಯೇ ಆಗಿರಬೇಕು. ಮನೆಗೆ ಹತ್ತಿರ, 24 ಗಂಟೆ ತೆರೆದಿರುವ ಆಸ್ಪತ್ರೆ ಯಾವುದು? ಹಾಸನದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಚಿಕ್ಕಮಗಳೂರಿನಲ್ಲಿ ಜಿಲ್ಲಾಸ್ಪತ್ರೆ. ತೋಟದ ಮನೆಯಾದರೆ ರಾತ್ರಿ ಎಬ್ಬಿಸಿದರೆ ಬರುವ ಜೀಪಿನವರ ನಂಬರ್ ಬೇಕು. 108 ಇದ್ದೇ ಇದೆ, ಆದರೆ ದಾರಿ ಹೇಳಲು ಸಿಗ್ನಲ್ ಸಿಗುವ ಜಾಗ ಯಾವುದು ಅಂತ ನೋಡಿಟ್ಟುಕೊಳ್ಳಿ. ನಿಮ್ಮ ಕ್ಯಾನ್ಸರ್ ಡಾಕ್ಟರ್ ಹತ್ತಿರ ಒಂದು ಚೀಟಿ ಬರೆಸಿಕೊಳ್ಳಿ: ಯಾವ ಔಷಧಿ, ಯಾವ ತಾರೀಕು, ಜ್ವರ ಬಂದರೆ ಏನು ಮಾಡಬೇಕು. ಆಸ್ಪತ್ರೆಗೆ ಹೋದ ಕೂಡಲೇ ಅದನ್ನು ಮುಂದಿಟ್ಟು 'ಕೀಮೋ ನಡೀತಿದೆ, ಇದು ಹತ್ತನೇ ದಿನ' ಅಂತ ಹೇಳಿ. ಸರದಿಯಲ್ಲಿ ಕೂರುವ ಜ್ವರ ಅಲ್ಲ ಇದು.

ಮಕ್ಕಳು, ಕೂದಲು, ಮನೆಗೆ ಬರುವವರು

ಮಕ್ಕಳಿಂದ ಮುಚ್ಚಿಡಬೇಡಿ. ಅವರಿಗೆ ಗೊತ್ತಾಗಿಯೇ ಆಗುತ್ತದೆ, ಅದೂ ಶಾಲೆಯಲ್ಲಿ ಬೇರೆ ಯಾರೋ ಹೇಳಿ. ಕಾಯಿಲೆಯ ಹೆಸರು ಹೇಳಿ. ಔಷಧಿ ಜೋರಾಗಿದೆ, ಅದಕ್ಕೇ ಅಮ್ಮನಿಗೆ ಸುಸ್ತು ಅಂತ ಹೇಳಿ. ನಿನ್ನಿಂದ ಬಂದದ್ದಲ್ಲ, ನಿನಗೆ ಅಂಟುವುದಿಲ್ಲ, ನಿನ್ನನ್ನು ನೋಡಿಕೊಳ್ಳುವವರು ಇದ್ದಾರೆ. ಈ ಮೂರು ಮಾತು ಚಿಕ್ಕ ಮಕ್ಕಳಿಗೆ ಸಾಲುತ್ತವೆ. ಕ್ಲಾಸ್ ಟೀಚರ್‌ಗೂ ಒಂದು ಮಾತು ತಿಳಿಸಿ.

ಕೂದಲು ಉದುರಿಸುವ ಔಷಧಿಯಾದರೆ ಮೊದಲ ಸಲ ಹಾಕಿದ ಎರಡು ಮೂರು ವಾರಕ್ಕೆ ಉದುರಲು ಶುರುವಾಗುತ್ತದೆ. ಮೊದಲೇ ಗಿಡ್ಡ ಮಾಡಿಸಿಕೊಂಡರೆ ದಿಂಬಿನ ಮೇಲೆ ಗೊಂಚಲು ನೋಡುವ ಸಂಕಟ ಕಡಿಮೆ. ಆದರೆ ಕತ್ತರಿಸುವುದೋ ಬೇಡವೋ, ತಲೆಗೆ ಬಟ್ಟೆ ಕಟ್ಟುವುದೋ ಬೇಡವೋ, ಅದು ಅವರ ತೀರ್ಮಾನ. ನಿಮ್ಮದಲ್ಲ, ಅತ್ತೆಯದೂ ಅಲ್ಲ.

ನೋಡಲು ಬರುವವರನ್ನು ಎರಡನೆಯ ವಾರ ತಡೆಯಿರಿ. ಅದರಲ್ಲೂ ನೆಗಡಿ ಕೆಮ್ಮು ಇರುವವರನ್ನು. 'ಡಾಕ್ಟರ್ ಬೇಡ ಅಂದಿದ್ದಾರೆ' ಅನ್ನಿ, ಯಾರಿಗೂ ಬೇಸರವಾಗುವುದಿಲ್ಲ. 'ಏನಾದರೂ ಬೇಕಾದ್ರೆ ಹೇಳಿ' ಅನ್ನುವವರಿಗೆ ಸುಮ್ನೆ ತಲೆ ಆಡಿಸದೆ ಕೆಲಸ ಹೇಳಿ. ಗುರುವಾರ ಮಗುವನ್ನು ಶಾಲೆಯಿಂದ ಕರೆತನ್ನಿ. ಸೊಸೈಟಿಯಿಂದ ಅಕ್ಕಿ ತನ್ನಿ. ಡೇರಿಗೆ ಹಾಲು ಹಾಕಿ ಬನ್ನಿ. ಕೊಟ್ಟಿಗೆ ಕೆಲಸ, ಗೊಬ್ಬರ ಮಣ್ಣಿನ ಕೆಲಸ ರೋಗಿಗೆ ಬೇಡ. ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲೂ ಕೀಮೋನೂ ಒಟ್ಟಿಗೇ ಬಂದರೆ ಕಣದ ಉಸ್ತುವಾರಿಯನ್ನು ನಂಬಿಕೆಯವರಿಗೆ ವಹಿಸಿ. ಹಾಗಂತ ಲೆಕ್ಕದ ಪುಸ್ತಕವನ್ನು ರೋಗಿಯ ಕೈಯಿಂದ ಕಿತ್ತುಕೊಳ್ಳಬೇಡಿ. ಆಳಿನ ಸಂಬಳ ಬರೆಯುತ್ತಿದ್ದವರು ಅವರೇ ಆಗಿದ್ದರೆ, ಆಗುವ ದಿನ ಅವರೇ ಬರೆಯಲಿ. ಕಾಯಿಲೆ ಬಂತು ಅಂತ ಮನೆಯ ತೀರ್ಮಾನಗಳಿಂದ ಒಬ್ಬರನ್ನು ಹೊರಗಿಟ್ಟರೆ ಅದು ಔಷಧಿಗಿಂತ ಜಾಸ್ತಿ ನೋಯಿಸುತ್ತದೆ.

ನೋಡಿಕೊಳ್ಳುವವರು

ನಿಮ್ಮ ಬಿಪಿ, ಶುಗರ್ ಮಾತ್ರೆ ಬಿಡಬೇಡಿ. ವಾರದಲ್ಲಿ ಒಂದು ರಾತ್ರಿಯಾದರೂ ಬೇರೆಯವರನ್ನು ಕಾವಲಿಗಿಟ್ಟು ಪೂರ್ತಿ ನಿದ್ದೆ ಮಾಡಿ. ಸಿಟ್ಟು ಬರುತ್ತದೆ, ಭಯದಲ್ಲಿ ಇಬ್ಬರೂ ಕೂಗಾಡಿಬಿಡುತ್ತೀರಿ. ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಎದೆ ಭಾರ ಇಳಿಯುತ್ತಿಲ್ಲ, ನಿದ್ದೆ ಇಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ಕೀಮೋ ಆದ ಮೇಲೆ

ಎಲ್ಲರೂ ಸಿಹಿ ಹಂಚಿ ಅವರವರ ಊರಿಗೆ ಹೊರಡುವುದು ಆಗಲೇ. ಆ ಕೊನೆಯದಕ್ಕೂ ಅದರದೇ 21 ದಿನ ಇರುತ್ತದೆ. ಬಿಳಿಕಣ ಇಳಿಯುವ ವಾರ ಇರುತ್ತದೆ, ಜ್ವರದ ಚೀಟಿ ಬೇಕಾಗುತ್ತದೆ. ಆಮೇಲೆ ರೇಡಿಯೇಷನ್ ಇರಬಹುದು, ವರ್ಷಗಟ್ಟಲೆ ಮಾತ್ರೆ ಇರಬಹುದು. ಸುಸ್ತು ತಿಂಗಳುಗಟ್ಟಲೆ ಉಳಿಯುವುದು ಸಾಮಾನ್ಯ. ಅದಕ್ಕೇ ಕೆಲಸಕ್ಕೆ ಇಟ್ಟುಕೊಂಡವರನ್ನು ತಕ್ಷಣ ಬಿಡಿಸಬೇಡಿ. ಮೊದಲು ಅಡುಗೆಯಲ್ಲಿ ಒಂದು ಹೊತ್ತು ಚಿಕಿತ್ಸೆ ಮುಗಿಸಿದವರು ಕೈಹಾಕಲಿ, ಒಂದು ತಿಂಗಳು ಹಾಗೇ ನೋಡಿ, ಆಮೇಲೆ ಎರಡನೆಯ ಹೊತ್ತು. ಕೊಟ್ಟಿಗೆಗೆ ಯಾವಾಗ ಇಳಿಯಬಹುದು ಅನ್ನುವುದನ್ನು ಮುಂದಿನ ಚೆಕಪ್‌ನಲ್ಲಿ ಕೇಳಿಕೊಂಡು ಬನ್ನಿ.